ಅತ್ತೆಯ ನಡಿಗೆ

ಕಣ್ಣಿದ್ದೂ ನಾವು ಕಾಣದ ಸಂಗತಿಗಳಲ್ಲಿ ಮೊದಲನೆಯದು ಮನುಷ್ಯನ ನಡಿಗೆಯೇ ಇರಬೇಕು. ಬೀದಿಯಲ್ಲಿ ಎದುರಾಗುವವರ ಮುಖವನ್ನು ನೋಡುತ್ತೇವೆ, ಉಡುಪನ್ನು ನೋಡುತ್ತೇವೆ, ಕೈಯಲ್ಲಿರುವ ಚೀಲದಲ್ಲಿ ಏನಿದೆಯೆಂದು ಊಹಿಸುವುದೂ ಉಂಟು. ಕಾಲನ್ನು ಮಾತ್ರ ನೋಡುವುದಿಲ್ಲ. ಆದರೂ ಪರಿಚಿತರೊಬ್ಬರು ನೂರು ಮಾರು ದೂರದಲ್ಲಿ, ಮುಖ ಕಾಣದಷ್ಟು ಮಬ್ಬಿನಲ್ಲಿ ಬರುತ್ತಿದ್ದರೆ, "ಅಗೋ, ಇಂಥವರು ಬಂದರು" ಎಂದುಬಿಡುತ್ತೇವೆ. ಯಾವುದನ್ನು ಕಂಡು ಹಾಗೆಂದಿರಿ ಎಂದು ಯಾರಾದರೂ ಕೇಳಿದರೆ ತಡವರಿಸುತ್ತೇವೆ. ಕಣ್ಣಿಗೆ ಗೊತ್ತಿರುವುದು ಬಾಯಿಗೆ ಗೊತ್ತಿರುವುದಿಲ್ಲ.

ಕಳೆದ ಮೂರು ವರ್ಷಗಳಿಂದ ನಾನು ಹಿಡಿದಿರುವ ಹವ್ಯಾಸವು, ಕಣ್ಣಿಗೆ ಗೊತ್ತಿರುವ ಈ ಗುಟ್ಟನ್ನು ಕೈಗೆ ಕಲಿಸುವ ಕೆಲಸ. ಕಂಪ್ಯೂಟರಿನಲ್ಲಿ ಗೊಂಬೆಯೊಂದನ್ನು ಕಟ್ಟಿ, ಅದು ನಡೆಯುವಂತೆ, ಕೂರುವಂತೆ, ಹಿಂದಿರುಗಿ ನೋಡುವಂತೆ ಮಾಡುವುದು. ಬಲ್ಲವರು ಇದನ್ನು ಪಾತ್ರಗಳ ಅನಿಮೇಷನ್ ಎನ್ನುತ್ತಾರೆ. ನಾನು ಮೋಜಿಣಿಯ ಕಚೇರಿಯಲ್ಲಿ 32 ವರ್ಷ ಹೊಲಗದ್ದೆಗಳ ನಕ್ಷೆ ಬರೆದು ನಿವೃತ್ತನಾದವನು. ನಿಶ್ಚಲವಾದ ಗಡಿಗಳನ್ನು ಬರೆದ ಕೈಗೆ ಚಲಿಸುವುದನ್ನು ಬರೆಯುವ ಚಪಲ ಏಕೆ ಹುಟ್ಟಿತೆಂದು ಮನೆಯವರು ಕೇಳಿದರು. ಅದಕ್ಕೆ ಕಾರಣವೊಂದಿದೆ, ಅದನ್ನು ಮುಂದೆ ಹೇಳುತ್ತೇನೆ. ಮೊದಲು ಈ ವಿದ್ಯೆಯ ಸ್ವರೂಪವನ್ನು ವಾಚಕರಿಗೆ ಸ್ವಲ್ಪ ಪರಿಚಯ ಮಾಡಿಕೊಡುವುದು ಉಚಿತ.

ಚಲನೆಯನ್ನು ತುಂಡುತುಂಡಾಗಿ ನೋಡುವ ವಿದ್ಯೆ ಕಂಪ್ಯೂಟರಿಗಿಂತ ಬಹಳ ಹಳೆಯದು. 1878ರಲ್ಲಿ ಮಯ್‌ಬ್ರಿಜ್ ಎಂಬ ಛಾಯಾಗ್ರಾಹಕನು ಅಮೆರಿಕದ ಪಾಲೋ ಆಲ್ಟೋದಲ್ಲಿ ಕ್ಯಾಮರಾಗಳನ್ನು ಸಾಲಾಗಿ ನಿಲ್ಲಿಸಿ ಓಡುವ ಕುದುರೆಯ ಚಿತ್ರಗಳನ್ನು ತೆಗೆದನು. ಕುದುರೆಯ ನಾಲ್ಕು ಕಾಲುಗಳೂ ಒಮ್ಮೆಗೇ ನೆಲವನ್ನು ಬಿಡುವ ಕ್ಷಣವೊಂದುಂಟೆಂದೂ, ಆ ಕ್ಷಣದಲ್ಲಿ ಅವು ಚಾಚಿರುವುದಿಲ್ಲ, ಹೊಟ್ಟೆಯಡಿಗೆ ಮಡಿಚಿರುತ್ತವೆಯೆಂದೂ ಆಗ ಲೋಕಕ್ಕೆ ತಿಳಿಯಿತು. ಅದುವರೆಗೆ ದೊಡ್ಡ ದೊಡ್ಡ ಚಿತ್ರಕಾರರು ಓಡುವ ಕುದುರೆಯ ಕಾಲುಗಳನ್ನು ಮುಂದಕ್ಕೂ ಹಿಂದಕ್ಕೂ ಚಾಚಿಯೇ ಬರೆಯುತ್ತಿದ್ದರು. 1887ರಲ್ಲಿ ಆತನು ಮನುಷ್ಯರ ಮತ್ತು ಪ್ರಾಣಿಗಳ ಚಲನೆಯನ್ನು ಕುರಿತು 781 ಫಲಕಗಳ ಸಂಗ್ರಹವನ್ನೇ ಹೊರತಂದನು. ಇಂದಿಗೂ ಈ ವಿದ್ಯೆಯನ್ನು ಕಲಿಯುವವರು ಆ ಫಲಕಗಳನ್ನು ಎದುರಿಗಿಟ್ಟುಕೊಳ್ಳುತ್ತಾರೆ. ಡಿಸ್ನಿಯವರ ಚಿತ್ರಶಾಲೆಯಲ್ಲಿ ಬಾಳೆಲ್ಲ ಕಳೆದ ಫ್ರಾಂಕ್ ಥಾಮಸ್ ಮತ್ತು ಆಲಿ ಜಾನ್‌ಸ್ಟನ್ ಎಂಬಿಬ್ಬರು 1981ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಜೀವಂತ ಚಲನೆಯ ಹನ್ನೆರಡು ಸೂತ್ರಗಳನ್ನು ಹೇಳಿದರು. ನಮ್ಮ ದೇಶಕ್ಕೂ ಆ ಪರಂಪರೆಯ ಒಂದು ಎಳೆ ಬಂದಿತ್ತು. 1956ರಲ್ಲಿ ಡಿಸ್ನಿಯವರಲ್ಲಿದ್ದ ಕ್ಲೇರ್ ವೀಕ್ಸ್ ಎಂಬ ಕಲಾವಿದರು ಮುಂಬಯಿಯ ಫಿಲ್ಮ್ಸ್ ಡಿವಿಷನ್ನಿಗೆ ಬಂದು ಅಲ್ಲಿನ ತರುಣರಿಗೆ ಈ ಕೆಲಸವನ್ನು ಕಲಿಸಿದರು. ಮರುವರ್ಷ ಅಲ್ಲಿಂದ ಜಾತಕಕಥೆಯೊಂದನ್ನಾಧರಿಸಿದ "ಬ್ಯಾನಿಯನ್ ಡಿಯರ್" ಎಂಬ ಚಿತ್ರ ಹೊರಬಂದಿತು.

ಆ ಕಾಲದಲ್ಲಿ ಒಂದು ಚಿತ್ರಕ್ಕೆ ಸಾವಿರಾರು ಹಾಳೆ ಬರೆಯಬೇಕಾಗಿತ್ತು. ಅದು ಸಂಸ್ಥೆಗಳ ಕೆಲಸವೇ ಹೊರತು ಮನೆಯಲ್ಲಿ ಕುಳಿತವನ ಕೆಲಸವಲ್ಲ. ಇಂದು ಮಧ್ಯಮ ದರ್ಜೆಯ ಕಂಪ್ಯೂಟರೊಂದಿದ್ದರೆ ನನ್ನಂಥವನೂ ತೊಡಗಬಹುದು. ಅದನ್ನು ಸಾಧ್ಯಗೊಳಿಸಿದ ಉಪಕರಣದ ಕಥೆ ಸ್ವಾರಸ್ಯವಾಗಿದೆ. ಅದರ ಹೆಸರು ಬ್ಲೆಂಡರ್. ಅಡಿಗೆಮನೆಯ ಯಂತ್ರವಲ್ಲ, ಗೊಂಬೆಗಳನ್ನು ಕಟ್ಟಿ ಕುಣಿಸುವ ತಂತ್ರಾಂಶ. ಹಾಲೆಂಡಿನ ಟಾನ್ ರೋಸೆಂಡಾಲ್ ಎಂಬುವರು 1994ರಲ್ಲಿ ತಮ್ಮ ಚಿತ್ರಶಾಲೆಯ ಸ್ವಂತ ಉಪಯೋಗಕ್ಕೆಂದು ಇದನ್ನು ಬರೆಯತೊಡಗಿದರು. ಮುಂದೆ ಅದಕ್ಕೆಂದೇ ಒಂದು ಕಂಪನಿ ಹುಟ್ಟಿತು. 2002ರಲ್ಲಿ ಆ ಕಂಪನಿ ಮುಳುಗಿತು. ಹಣ ಹೂಡಿದವರು ಒಂದು ಷರತ್ತು ಹಾಕಿದರು: ಒಂದು ಲಕ್ಷ ಯೂರೋ ಕೊಟ್ಟರೆ ತಂತ್ರಾಂಶದ ಮೂಲಬರಹವನ್ನು ಲೋಕಕ್ಕೆ ಬಿಟ್ಟುಕೊಡುತ್ತೇವೆ. ಅದನ್ನು ಬಳಸುತ್ತಿದ್ದ ಜನ, ಒಬ್ಬರನ್ನೊಬ್ಬರು ಕಂಡೂ ಅರಿಯದವರು, ತಮ್ಮ ತಮ್ಮ ಜೇಬಿನಿಂದ ತೆಗೆದುಕೊಟ್ಟ ಹಣದಿಂದ ಏಳೇ ವಾರಗಳಲ್ಲಿ ಆ ಮೊತ್ತ ಕೂಡಿತು. 2002ರ ಅಕ್ಟೋಬರ್ 13ರಂದು ಬ್ಲೆಂಡರ್ ಎಲ್ಲರ ಸೊತ್ತಾಯಿತು. ಯಾರು ಬೇಕಾದರೂ ಪಡೆಯಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು, ಮತ್ತೊಬ್ಬರಿಗೆ ಕೊಡಬಹುದು. ಊರಿನವರು ವಂತಿಗೆ ಹಾಕಿ ತೋಡಿಸಿದ ಬಾವಿಯಂತೆ ಎಂದರೆ ಸರಿಯಾದೀತು. 2025ರಲ್ಲಿ, ಲಾಟ್ವಿಯಾ ಎಂಬ ಪುಟ್ಟ ದೇಶದವರು ಇದೇ ಉಪಕರಣದಿಂದ ಮಾಡಿದ "ಫ್ಲೋ" ಎಂಬ ಚಿತ್ರಕ್ಕೆ ಆಸ್ಕರ್ ಪ್ರಶಸ್ತಿ ಬಂದಿತು. ಅದರಲ್ಲಿ ಮಾತಿಲ್ಲ; ಒಂದು ಕಪ್ಪು ಬೆಕ್ಕಿನ ನಡೆ, ನಿಲುವು, ಅಂಜಿಕೆಗಳೇ ಕಥೆಯನ್ನೆಲ್ಲ ಹೇಳುತ್ತವೆ.

ಇನ್ನು ಗೊಂಬೆಯನ್ನು ಕಟ್ಟುವ ಬಗೆ. ಮೊದಲು ಮೈಯನ್ನು ರೂಪಿಸಬೇಕು. ಅದು ಕುಂಬಾರನ ಕೆಲಸ. ಬಳಿಕ ಆ ಮೈಯೊಳಗೆ ಎಲುಬುಗಳನ್ನು ಜೋಡಿಸಬೇಕು: ಸೊಂಟದಿಂದ ಬೆನ್ನು, ಬೆನ್ನಿನಿಂದ ಹೆಗಲು, ಹೆಗಲಿನಿಂದ ತೋಳು. ಯಾವ ಎಲುಬು ಚಲಿಸಿದರೆ ಚರ್ಮದ ಯಾವ ಭಾಗ ಎಷ್ಟು ಎಳೆಯಲ್ಪಡಬೇಕು ಎಂಬುದನ್ನು ಬಣ್ಣ ಬಳಿದು ತಿಳಿಸಬೇಕು. ಕೆಂಪು ಬಳಿದ ಭಾಗವು ಎಲುಬಿನ ಆಜ್ಞೆಯನ್ನು ಪೂರ್ಣ ಪಾಲಿಸುತ್ತದೆ. ನೀಲಿ ಉಳಿದ ಭಾಗ ಅಲುಗುವುದಿಲ್ಲ. ನಡುವಣ ಹಸಿರು ಹಳದಿಗಳು ಅರೆಮನಸ್ಸಿನಿಂದ ಹಿಂಬಾಲಿಸುತ್ತವೆ. ಆಮೇಲೆ ಪಾದವನ್ನು ಎಳೆದರೆ ಮೊಣಕಾಲು ತಾನಾಗಿ ಮಡಿಯುವಂತೆ ಕಟ್ಟು ಮಾಡಬೇಕು. ಇಷ್ಟಾದ ಮೇಲೆ ಕುಣಿಸುವುದು. ಒಂದು ಸೆಕೆಂಡಿಗೆ 24 ಫ್ರೇಮುಗಳು. ಮುಖ್ಯವಾದ ಭಂಗಿಗಳನ್ನು ನಾವು ಇಂತಿಂಥ ಫ್ರೇಮಿನಲ್ಲೆಂದು ನಿಲ್ಲಿಸಿದರೆ, ನಡುವಣ ಭಂಗಿಗಳನ್ನು ಯಂತ್ರ ತುಂಬುತ್ತದೆ. ತುಂಬುತ್ತದೆ ನಿಜ, ಆದರೆ ಕೂಲಿಯವನಂತೆ ತುಂಬುತ್ತದೆ. ಎಲ್ಲಿ ತಡೆಯಬೇಕು, ಎಲ್ಲಿ ಅವಸರಿಸಬೇಕು ಎಂಬ ವಿವೇಕ ಅದಕ್ಕಿಲ್ಲ. ಆ ವಿವೇಕವೇ ವಿದ್ಯೆ.

ನಮ್ಮ ಉಪ್ಪಿನಕುದ್ರುವಿನ ಸೂತ್ರದ ಗೊಂಬೆಗಳನ್ನು ನೋಡಿದವರಿಗೆ ಒಂದು ಅಂತರ ಹೊಳೆದೀತು. ಮರದ ಗೊಂಬೆಗೆ ತೂಕವಿದೆ. ಆಡಿಸುವವನು ದಾರವನ್ನು ಎತ್ತಿದರೆ ಸಾಕು, ಇಳಿಸುವ ಕೆಲಸವನ್ನು ಭೂಮಿಯೇ ನೋಡಿಕೊಳ್ಳುತ್ತದೆ. ಕಂಪ್ಯೂಟರಿನ ಗೊಂಬೆಗೆ ತೂಕವೆಂಬುದೇ ಇಲ್ಲ. ಅದು ಗಾಳಿಯಲ್ಲಿ ನಿಂತರೂ ಬೀಳದು. ನೆಲವನ್ನು ಮೆಟ್ಟಿದರೂ ನೆಲಕ್ಕೆ ಗೊತ್ತಾಗದು. ಸೊಂಟ ಎಷ್ಟು ಕುಸಿಯಬೇಕು, ಹಿಮ್ಮಡಿ ತಾಗಿದೊಡನೆ ಮೊಣಕಾಲು ಎಷ್ಟು ಬಳುಕಬೇಕು, ಹೆಗಲು ಎಷ್ಟು ತಡವಾಗಿ ಹಿಂಬಾಲಿಸಬೇಕು ಎಂಬುದನ್ನೆಲ್ಲ ನಾವೇ ಲೆಕ್ಕವಿಟ್ಟು ಕೊಟ್ಟಾಗ ಮಾತ್ರ, ನೋಡುವವನ ಕಣ್ಣಿಗೆ "ಇದಕ್ಕೆ ಮೈಭಾರವಿದೆ" ಎಂಬ ಭ್ರಮೆ ಹುಟ್ಟುತ್ತದೆ. ಮೈಭಾರವಿದ್ದರೆ ಜೀವವೂ ಇದೆಯೆಂದು ಕಣ್ಣು ನಂಬಿಬಿಡುತ್ತದೆ.

ಇದನ್ನು ಒಬ್ಬನೇ ಕುಳಿತು ಕಲಿಯುವುದು ದುಸ್ತರ. ನನ್ನ ಭಾಗ್ಯಕ್ಕೆ ಮೈಸೂರಿನ ನಮ್ಮ ಬಡಾವಣೆಯಲ್ಲಿಯೇ ಒಂದು ಕೂಟವಿತ್ತು. ಮಿತ್ರರೊಬ್ಬರ ಮನೆಯ ಮಹಡಿಯಲ್ಲಿ ಭಾನುವಾರ ಬೆಳಿಗ್ಗೆ ಏಳೆಂಟು ಮಂದಿ ಸೇರುತ್ತೇವೆ. ಮುದ್ರಣಾಲಯದಲ್ಲಿ ಪುಟಗಳನ್ನು ಜೋಡಿಸುವವರೊಬ್ಬರು, ಇಂಜಿನಿಯರಿಂಗ್ ಓದುತ್ತಿರುವ ಹುಡುಗಿಯೊಬ್ಬಳು, ಫಿಸಿಯೋಥೆರಪಿ ವೃತ್ತಿಯ ಮಹಿಳೆಯೊಬ್ಬರು, ಇಬ್ಬರು ಹೈಸ್ಕೂಲು ಹುಡುಗರು, ಅವರಲ್ಲೊಬ್ಬನನ್ನು ಕರೆತರುವ ನೆಪದಲ್ಲಿ ಬಂದು ಕಾಫಿ ಕುಡಿದು ಕೂರುವ ಅವನ ತಾತ, ಮೃದಂಗದ ವಿದ್ವಾಂಸರು. ಶುಲ್ಕವಿಲ್ಲ, ಗುರುವಿಲ್ಲ, ಪ್ರಮಾಣಪತ್ರವಂತೂ ಇಲ್ಲವೇ ಇಲ್ಲ. ಇರುವುದು ಕೆಲವು ಕಟ್ಟಳೆಗಳು. ಯಾರದೇ ಕೆಲಸವನ್ನಾಗಲಿ ಮೂರು ಸಲ ಓಡಿಸಿ ನೋಡುವವರೆಗೆ ಯಾರೂ ತುಟಿ ಬಿಚ್ಚಕೂಡದು. ಮೊದಲ ಮಾತು ಕೂಟಕ್ಕೆ ಕಡೆಯಲ್ಲಿ ಸೇರಿದವರದು. "ಚೆನ್ನಾಗಿದೆ" ಎಂದಾಗಲಿ "ಚೆನ್ನಾಗಿಲ್ಲ" ಎಂದಾಗಲಿ ಹೇಳಿ ಮುಗಿಸುವಂತಿಲ್ಲ; ಎಷ್ಟನೆಯ ಫ್ರೇಮಿನಲ್ಲಿ ಏನು ಎಂದು ಹೇಳಬೇಕು. ಹದಿನೈದು ವರ್ಷದ ಹುಡುಗನು ಅರವತ್ತು ದಾಟಿದವನಿಗೆ, "ಸಾರ್, 17ನೆಯ ಫ್ರೇಮಿನಲ್ಲಿ ಸೊಂಟದ ಭಾರ ಯಾವ ಕಾಲಿನ ಮೇಲಿದೆ?" ಎಂದು ಕೇಳುವ ಸಭೆಯನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

ಈಗ ಕಾರಣಕ್ಕೆ ಬರುತ್ತೇನೆ. ನನ್ನನ್ನು ಸಾಕಿದವಳು ನನ್ನ ಸೋದರತ್ತೆ. ಹುಣಸೂರಿನ ಕಡೆಯ ಒಂದು ಹಳ್ಳಿಯಲ್ಲಿ ಹೆಂಚಿನ ಮನೆ, ಹಿಂದೆ ಹಿತ್ತಲು, ಮುಂದೆ ಜಗಲಿ. ಅವಳಿಗೆ ಮಕ್ಕಳಿರಲಿಲ್ಲ. ನಾನು ಹುಟ್ಟುವ ಮೊದಲೇ ಬಾವಿಕಟ್ಟೆಯಲ್ಲಿ ಜಾರಿ ಬಿದ್ದು ಬಲಗಡೆಯ ಸೊಂಟಕ್ಕೆ ಪೆಟ್ಟಾಗಿ, ಕಡೆಯವರೆಗೂ ಕುಂಟುತ್ತಲೇ ನಡೆದಳು. ಆ ನಡಿಗೆಯ ಸದ್ದು ನನ್ನ ಬಾಲ್ಯದ ಗಡಿಯಾರ. ಅವಳು ತೀರಿಕೊಂಡದ್ದು 1989ರಲ್ಲಿ. ಉಳಿದಿರುವುದು ಎರಡು ಭಾವಚಿತ್ರಗಳು. ಎರಡರಲ್ಲಿಯೂ ಕುರ್ಚಿಯ ಮೇಲೆ ಕೈಕಟ್ಟಿ ಕುಳಿತಿದ್ದಾಳೆ. ಆಕೆ ಕುಳಿತದ್ದನ್ನು ನಾನು ಕಂಡದ್ದೇ ಅಪರೂಪ. ನನ್ನ ಮೊಮ್ಮಗಳು ಆ ಚಿತ್ರವನ್ನು ನೋಡಿ, "ಈ ಅಜ್ಜಿ ಹೇಗಿದ್ದರು?" ಎಂದು ಕೇಳಿದಾಗ, ನಡೆದು ತೋರಿಸಹೊರಟೆ. ಕುಂಟುವುದನ್ನು ನಟಿಸಿದರೆ ಅಣಕವಾಗುತ್ತದೆಯೇ ವಿನಾ ಅತ್ತೆ ಬರುವುದಿಲ್ಲ. ಆ ಮಗುವಿಗೆ ಅತ್ತೆಯ ನಡಿಗೆಯನ್ನು ತೋರಿಸಬೇಕು ಎಂಬುದೇ ನನ್ನ ಹವ್ಯಾಸದ ಮೂಲ.

ಸಾಮಾನ್ಯ ನಡಿಗೆಯ ಲೆಕ್ಕ ಸುಲಭ. ಪ್ರತಿ ಹೆಜ್ಜೆಗೆ 12 ಫ್ರೇಮು, ಅಂದರೆ ಸೆಕೆಂಡಿಗೆ ಎರಡು ಹೆಜ್ಜೆ, ನಿಮಿಷಕ್ಕೆ 120. ಸಿಪಾಯಿಗಳ ಕವಾಯತಿನ ವೇಗ. ಹೆಜ್ಜೆಯೊಂದಕ್ಕೆ ನಾಲ್ಕು ಭಂಗಿ: ಹಿಮ್ಮಡಿ ತಾಗುವುದು, ಮೈ ಕುಸಿಯುವುದು, ಹಿಂದಣ ಕಾಲು ಮುಂದಣದನ್ನು ದಾಟುವುದು, ಮೈ ಏಳುವುದು. ಇವನ್ನು ಬಲ್ಲ ಮೇಲೆ ಸಿಪಾಯಿಯನ್ನು ನಡೆಸಬಹುದು. ಅತ್ತೆಯನ್ನು ನಡೆಸುವುದು ಬೇರೆಯ ಮಾತು. ನನ್ನ ಉದ್ದೇಶವನ್ನು ಕೂಟದ ಮುಂದಿಟ್ಟ ದಿನ ಎಲ್ಲರೂ ಸ್ವಲ್ಪ ಹೊತ್ತು ಸುಮ್ಮನಿದ್ದರು. ಬಳಿಕ ಫಿಸಿಯೋಥೆರಪಿಯ ಆಕೆ ಎದ್ದು ನಿಂತು, "ಕುಂಟು ಇರುವುದು ಪೆಟ್ಟಾದ ಕಾಲಿನಲ್ಲಿ ಎಂದು ಜನ ತಿಳಿಯುತ್ತಾರೆ ಸಾರ್. ನೀವು ಒಳ್ಳೆಯ ಕಾಲನ್ನು ನೋಡಿ" ಎಂದರು. ನೋವಿರುವ ಕಾಲಿನ ಮೇಲೆ ಮನುಷ್ಯನು ಹೆಚ್ಚು ಹೊತ್ತು ನಿಲ್ಲಲಾರ. ಆದುದರಿಂದ ಒಳ್ಳೆಯ ಕಾಲು ಅವಸರದಿಂದ ಬಂದು ನೆಲವನ್ನು ಮುಟ್ಟಿ ಭಾರವನ್ನು ಹೊತ್ತುಕೊಳ್ಳುತ್ತದೆ. ಅಲ್ಲದೆ ಸೊಂಟದ ಸ್ನಾಯು ಸೋತಿದ್ದರೆ, ಆ ಕಾಲಿನ ಮೇಲೆ ನಿಂತ ಕ್ಷಣದಲ್ಲಿ ಮೇಲ್ಮೈ ಅದೇ ಕಡೆಗೆ ವಾಲುತ್ತದೆ. ಬೀಳುವ ಕಡೆಗೇ ವಾಲಿ ಬೀಳದಂತೆ ಉಳಿಯುವ ಉಪಾಯ ಅದು. ಆಕೆ ಇದನ್ನು ಹೇಳುತ್ತ ಎರಡು ಹೆಜ್ಜೆ ಇಟ್ಟು ತೋರಿಸಿದರು. ನಲವತ್ತು ವರ್ಷ ಕೆಳಗಿನ ಅಡಿಗೆಮನೆಯೊಂದು ಆ ಮಹಡಿಯ ಮೇಲೆ ಬಂದು ನಿಂತಂತಾಯಿತು. ಒಂದು ಕಾಲಿನ ನೋವನ್ನು ಮತ್ತೊಂದು ಕಾಲು ಓಡಿಬಂದು ಹೊರುವ ಆ ರೀತಿ, ಯೋಚಿಸಿದರೆ, ಅತ್ತೆಯ ಬಾಳಿನ ರೀತಿಯೂ ಆಗಿತ್ತು.

ಕಾಲದ ಲೆಕ್ಕ ಉಳಿಯಿತು. ನನ್ನ ಕಿವಿಯಲ್ಲಿದ್ದ ಸದ್ದನ್ನು ಮೇಜಿನ ಮೇಲೆ ಬೆರಳಿನಿಂದ ತಟ್ಟಿದೆ. ಮೃದಂಗದ ವಿದ್ವಾಂಸರು ಕಾಫಿಯ ಲೋಟವನ್ನು ಕೆಳಗಿಟ್ಟರು. "ಇನ್ನೊಂದು ಸಲ ತಟ್ಟಿ" ಎಂದರು. ತಟ್ಟಿದೆ. ತೊಡೆಯ ಮೇಲೆ ತಾಳ ಹಾಕುತ್ತ, "ಐದು, ಮೂರು. ತಕ ತಕಿಟ, ತಕಿಟ. ಎಂಟು ಅಕ್ಷರದ ಆವರ್ತ. ನಿಮ್ಮ ಅತ್ತೆಯವರು ಲಯದಲ್ಲಿ ನಡೆಯುತ್ತಿದ್ದರು ಸ್ವಾಮಿ" ಎಂದರು. ಹುಡುಗರು ಕೂಡಲೇ ಲೆಕ್ಕ ಹಾಕಿದರು. ಅಕ್ಷರಕ್ಕೆ ನಾಲ್ಕು ಫ್ರೇಮಿನಂತೆ ಒಳ್ಳೆಯ ಕಾಲಿನ ಮೇಲೆ 20, ನೋವಿನ ಕಾಲಿನ ಮೇಲೆ 12, ಒಟ್ಟು 32. ಕಂಪ್ಯೂಟರನ್ನು ಮುಟ್ಟಿಯೂ ನೋಡದ ಹಿರಿಯರು ಕೊಟ್ಟ ಆ ಎರಡು ಅಂಕಿಗಳಿಂದ ನನ್ನ ಗೊಂಬೆಗೆ ಬೆನ್ನೆಲುಬು ಬಂದಿತು. ಇಂಜಿನಿಯರಿಂಗಿನ ಹುಡುಗಿ ನಾಲ್ಕು ಭಾನುವಾರ ಕುಳಿತು ಸೀರೆಯ ನಿರಿಗೆ ಕಾಲಿನೊಡನೆ ತೂಗುವಂತೆ ಕಟ್ಟಿಕೊಟ್ಟಳು. ಪುಟ ಜೋಡಿಸುವವರು ಜಗಲಿಯ ಮೇಲಿನ ಬೆಳಗಿನ ಬಿಸಿಲನ್ನು ಹೊಂದಿಸಿದರು.

ಇಷ್ಟಾದ ಮೇಲೂ ಸಾಕ್ಷಿ ಹೇಳುವವರು ಬೇಕಾಗಿತ್ತು. ಅತ್ತೆಯನ್ನು ಕಂಡವರು ಕೂಟದಲ್ಲಿ ನನ್ನ ಹೊರತು ಯಾರೂ ಇಲ್ಲ. ಒಬ್ಬನ ನೆನಪನ್ನು ಆಧಾರವಾಗಿಟ್ಟುಕೊಂಡು ಗಡಿಕಲ್ಲು ನೆಡಬಾರದೆಂಬುದು ನಮ್ಮ ಮೋಜಿಣಿಯವರ ಹಳೆಯ ನಿಯಮ. ಕಂಪ್ಯೂಟರನ್ನು ಹೆಗಲಿಗೇರಿಸಿಕೊಂಡು ಹಳ್ಳಿಗೆ ಹೋದೆ. ಪಕ್ಕದ ಮನೆಯ ದೊಡ್ಡಮ್ಮನಿಗೆ ಈಗ ಎಂಬತ್ತೆಂಟರ ಸಮೀಪ. ಜಗಲಿಯ ಮೇಲೆ ಕೂರಿಸಿ, ತೆರೆಯನ್ನು ಕಣ್ಣಿನ ಹತ್ತಿರ ಹಿಡಿದು ಓಡಿಸಿದೆ. ಗೊಂಬೆಗೆ ಆಗಿನ್ನೂ ಮುಖ ಬಿಡಿಸಿರಲಿಲ್ಲ. ಬರಿಯ ಬೂದುಬಣ್ಣದ ಆಕೃತಿ. ಮುದುಕಿ ಸ್ವಲ್ಪ ಹೊತ್ತು ನೋಡಿದಳು.

"ಅಯ್ಯೋ, ಎಲ್ಲಿಗ್ ಹೊರಟವ್ಳೆ ಇವ್ಳು?" ಎಂದಳು.

"ಯಾರು ದೊಡ್ಡಮ್ಮ?"

"ಯಾರು ಅಂದ್ರೆ? ನಿಮ್ಮತ್ತೆ ಕಣ್ಲಾ. ನಾನೇನು ಕುರುಡಿ ಆಗೋಗಿದ್ದೀನಾ?"

ಮತ್ತೊಮ್ಮೆ ಓಡಿಸೆಂದಳು. ಮೂರನೆಯ ಸಲಕ್ಕೆ ಕೈಯೆತ್ತಿ ನಿಲ್ಲಿಸಿದಳು. "ಬಾಗ್ಲು ದಾಟಿದ್ಲಲ್ಲ, ಹೊಸ್ತಿಲತ್ರ ನಿಂತು ಒಲೆ ಕಡೆ ತಿರುಗಿ ನೋಡ್ದೆ ಅವ್ಳು ಯಾವತ್ತೂ ಆಚೆಗೆ ಕಾಲಿಟ್ಟೋಳಲ್ಲ. ಬೆಂಕಿ ಆರೈತೋ ಇಲ್ವೋ ಅಂತ. ಒಂದ್ಸಲ ಆ ಮನೆ ಸೋಗೆ ಹತ್ಕೊಂಡು ಉರಿದಿತ್ತು, ನೀನಾಗ ಹುಟ್ಟಿರ್ಲಿಲ್ಲ. ಹೆಂಚು ಹಾಕ್ಸಿದ್ದೇ ಆಮೇಲೆ."

ಆ ಸಂಗತಿ ನನಗೆ ಆವರೆಗೆ ತಿಳಿದಿರಲಿಲ್ಲ. ಮನೆಯಲ್ಲಿ ಯಾರೂ ಹೇಳಿರಲಿಲ್ಲ. ಊರಿಗೆ ಮರಳಿ ಏಳು ಆವರ್ತ ನಡೆದ ಅತ್ತೆಯನ್ನು ಹೊಸ್ತಿಲಿನಲ್ಲಿ 40 ಫ್ರೇಮು ನಿಲ್ಲಿಸಿದೆ. ಮೊದಲು ಕಣ್ಣು, ಆಮೇಲೆ ಕತ್ತು, ಕಡೆಯಲ್ಲಿ ಹೆಗಲು ಒಲೆಯ ಕಡೆಗೆ ತಿರುಗುತ್ತವೆ. ಬಲಗೈ ಬಾಗಿಲವಾಡವನ್ನು ಮುಟ್ಟುತ್ತದೆ. ಒಟ್ಟು 264 ಫ್ರೇಮು, ಹನ್ನೊಂದು ಸೆಕೆಂಡು. ಇದಕ್ಕೆ ಹಿಡಿದದ್ದು ಹದಿನಾಲ್ಕು ತಿಂಗಳು.

ನನ್ನ ಸೋದರಳಿಯನೊಬ್ಬನು ಇದನ್ನು ಕೇಳಿ ನಕ್ಕನು. ಈಗ ನಾಲ್ಕು ಸಾಲು ಬರೆದುಕೊಟ್ಟರೆ ಚಲಿಸುವ ಚಿತ್ರವನ್ನು ಕ್ಷಣದಲ್ಲಿ ತಯಾರಿಸಿಕೊಡುವ ಕೃತಕ ಬುದ್ಧಿಯ ಸಾಧನಗಳು ಬಂದಿವೆ. ಹದಿನಾಲ್ಕು ತಿಂಗಳು ಏಕೆ ಎಂಬುದು ಅವನ ಪ್ರಶ್ನೆ. ಅವನು ನನ್ನೆದುರಿಗೇ "ಕುಂಟುತ್ತ ನಡೆಯುವ ಹಳ್ಳಿಯ ವೃದ್ಧೆ" ಎಂದು ಬರೆದು ತೋರಿಸಿದನು. ಬಂದ ಚಿತ್ರ ಸುಂದರವಾಗಿಯೇ ಇತ್ತು. ಸೀರೆಯ ಜರಿ ಹೊಳೆಯುತ್ತಿತ್ತು, ಮುಖದ ಸುಕ್ಕುಗಳು ನಿಜವೆನಿಸುತ್ತಿದ್ದವು. ಆದರೆ ಆಕೆ ಲೋಕದ ಯಾವಳೋ ವೃದ್ಧೆ. ಯಾರ ಮನೆಯ ಒಲೆಯ ಚಿಂತೆಯೂ ಅವಳಿಗಿಲ್ಲ. ಹಾಗೆಂದು ಆ ಸಾಧನಗಳನ್ನು ಹಳಿದು ಸುಮ್ಮನಾಗುವ ಧೈರ್ಯವೂ ನನಗಿಲ್ಲ. ನಮ್ಮ ಕೂಟದ ಹುಡುಗಿಗೆ ಇದೇ ವೃತ್ತಿಯಾಗಬೇಕೆಂಬ ಆಸೆ. ಕೆಲಸ ಕೊಡುವವರಿಗೆ ಯಾವಳೋ ವೃದ್ಧೆ ಸಾಕೆನಿಸಿದರೆ ತನ್ನ ಗತಿಯೇನು ಎಂದು ಅವಳು ಕೇಳಿದಾಗ ಮಹಡಿಯ ಮೇಲೆ ಯಾರ ಬಳಿಯೂ ಉತ್ತರವಿರಲಿಲ್ಲ. ನನಗಿದು ನಿವೃತ್ತಿಯ ಹವ್ಯಾಸ, ಅವಳಿಗೆ ಅನ್ನ. ಆದರೂ ಅವಳು ಬರುವುದನ್ನು ಬಿಟ್ಟಿಲ್ಲ.

ಕಡೆಯದಾಗಿ ಒಂದು ಧರ್ಮಸಂಕಟ. ನಮ್ಮ ಕೂಟದಲ್ಲಿ, ಈ ಉಪಕರಣವನ್ನು ಬಳಸುವ ಅನೇಕರಲ್ಲಿಯೂ, ಒಂದು ಪದ್ಧತಿಯುಂಟು: ಕಟ್ಟಿದ ಗೊಂಬೆಯನ್ನು ಎಲುಬು, ಚಲನೆಗಳ ಸಮೇತ ಇತರರ ಉಪಯೋಗಕ್ಕೆ ಬಿಟ್ಟುಕೊಡುವುದು. ನಾನು ಮೊದಲು ಕಲಿತದ್ದೂ ಹಾಗೆ ಯಾರೋ ಬಿಟ್ಟುಕೊಟ್ಟ ಗೊಂಬೆಗಳ ಮೇಲೆಯೇ. ಪಡೆದವನು ಕೊಡಬೇಕು, ಅದರಲ್ಲಿ ಸಂಶಯವಿಲ್ಲ. ಆದರೆ ಕೊಡಬೇಕಾದದ್ದು ಅತ್ತೆ! ನಾಳೆ ಯಾವನೋ ಅವಳನ್ನು ನಗೆಯಾಟದ ಚಿತ್ರದಲ್ಲಿ ಕುಂಟಿಸಬಹುದು. ಮತ್ತಾವನೋ ಮಾಟಗಾತಿಯನ್ನಾಗಿ ಮಾಡಬಹುದು. ಎರಡು ತಿಂಗಳು ಇದನ್ನೇ ಯೋಚಿಸಿದೆ. ದೊಡ್ಡಮ್ಮನನ್ನು ಕೇಳಿದರೆ, "ಅವ್ಳು ಇದ್ದಾಗ ಯಾರಿಗ್ ಇಲ್ಲ ಅಂದಿದ್ಲು? ಆದ್ರೆ ಬಾಗ್ಲಿಗ್ ಬಂದೋರ್ನೆಲ್ಲ ಒಳಮನೆಗ್ ಸೇರಿಸ್ತಿರ್ಲಿಲ್ಲ" ಎಂದಳು.

ನಾನು ಹಾಗೆಯೇ ಮಾಡಿದೆ. ಮುಖ, ಸೀರೆ, ಜಗಲಿ, ಹೊಸ್ತಿಲುಗಳನ್ನು ತೆಗೆದುಹಾಕಿ, ಎಲುಬುಗಳನ್ನೂ ಆ 32 ಫ್ರೇಮುಗಳ ನಡಿಗೆಯನ್ನೂ ಕೂಟದ ಕೈಗಿತ್ತೆ. ಒಲೆಯ ಕಡೆಗೆ ತಿರುಗುವ 40 ಫ್ರೇಮುಗಳು ಮನೆಯಲ್ಲಿಯೇ ಉಳಿದವು. ಈಚೆಗೆ ಹೈಸ್ಕೂಲಿನ ಹುಡುಗರಲ್ಲೊಬ್ಬನು ಆ ನಡಿಗೆಯನ್ನು ತೆಗೆದುಕೊಂಡು, ಕಾಲಿಗೆ ಗಾಯವಾದ ಕೊಕ್ಕರೆಯೊಂದನ್ನು ನಡೆಸಿದ್ದಾನೆ. ಹಕ್ಕಿಯ ಕಾಲಿಗೆ ಹೊಂದುವಂತೆ ಬಹಳಷ್ಟು ಬದಲಾಯಿಸಿದ್ದಾನೆ. ಐದು ಮತ್ತು ಮೂರನ್ನು ಮಾತ್ರ ಬದಲಾಯಿಸಿಲ್ಲ. ಕೂಟದಲ್ಲಿ ಅದನ್ನು ಮೂರು ಸಲ ಓಡಿಸಿದಾಗ ನಾನು ಕಟ್ಟಳೆಯಂತೆ ಸುಮ್ಮನಿದ್ದೆ. ನನ್ನ ಸರದಿ ಬಂದಾಗ, 21ನೆಯ ಫ್ರೇಮಿನಲ್ಲಿ ಕತ್ತು ಇನ್ನೂ ಸ್ವಲ್ಪ ತಡವಾಗಿ ಹಿಂಬಾಲಿಸಲಿ ಎಂದೆ. ಅವನು ಬರೆದುಕೊಂಡನು.